ಹಿರಿಯರ ಗುಡ್ಡೆ ಯಾವುದು?

ಶ್ರೀರಂಗಪಟ್ಟಣದ ಹೊರವಲಯದಲ್ಲಿ, ಕಾವೇರಿಗೆ ಹತ್ತಿರ, ಕಂಪನಿ ಸರ್ಕಾರದ ಕಾಲದ ಒಂದು ಸ್ಮಶಾನವಿದೆ. ಗ್ಯಾರಿಸನ್ ಸ್ಮಶಾನ ಎಂದು ಅದರ ಹೆಸರು. 1800ರಿಂದ 1860ರೊಳಗೆ ಮಣ್ಣಾದ ಮುನ್ನೂರಕ್ಕೂ ಹೆಚ್ಚು ಜನ ಅಲ್ಲಿದ್ದಾರೆ: ಪಡೆಯ ಅಧಿಕಾರಿಗಳು, ಅವರ ಮಡದಿಯರು, ಎಳೆಯ ಕೂಸುಗಳು. ಅವರಲ್ಲಿ ಕೆಲವರು ಸ್ವಿಟ್ಜರ್ಲೆಂಡಿನ ಡಿ ಮ್ಯೂರಾನ್ ಪಡೆಯವರು. ನ್ಯೂಶಾಟೆಲ್‌ನ ಶಾರ್ಲ್ ದಾನಿಯೆಲ್ ಡಿ ಮ್ಯೂರಾನ್ 1781ರಲ್ಲಿ ಡಚ್ಚರಿಗಾಗಿ ಕಟ್ಟಿದ ಈ ಬಾಡಿಗೆ ಪಡೆ 1795ರಲ್ಲಿ ಬ್ರಿಟಿಷರ ಕೈಕೆಳಗೆ ಬಂತು. 1799ರ ಮುತ್ತಿಗೆಯಲ್ಲಿ ಟಿಪ್ಪುವಿನ ಕೋಟೆಯ ಮುಂದೆ ನಿಂತಿತು. ಇನ್ನೂರು ವರ್ಷದ ಮೇಲೆ ಆ ಮನೆತನದ ಇಂದಿನವರು ಸ್ವಿಟ್ಜರ್ಲೆಂಡಿನಿಂದ ಬಂದು, ಪಾಳುಬಿದ್ದಿದ್ದ ಗೋರಿಗಳ ದುರಸ್ತಿಗೆ ಮುಂದಾದರು. ಹೆಸರು, ಇಸವಿ, ರೆಜಿಮೆಂಟು ಕಲ್ಲಿನ ಮೇಲೆ ಉಳಿದಿದ್ದರಿಂದ ಇದು ಸಾಧ್ಯವಾಯಿತು.

ಅದೇ ಮಂಡ್ಯ ಸೀಮೆಯ ಹೊಲಗಳ ಬದುವಿನಲ್ಲಿ, ತೆಂಗಿನ ಬುಡದಲ್ಲಿ, ಹುಣಸೆ ಮರದ ನೆರಳಲ್ಲಿ ರೈತ ಮನೆತನಗಳ ಗುಡ್ಡೆಗಳಿವೆ. ಮೇಲೊಂದು ಕಾಡುಗಲ್ಲು, ಸುತ್ತ ನಾಲ್ಕು ಚಪ್ಪಡಿ. ಅಕ್ಷರವಿಲ್ಲ. ಮಗನಿಗೆ ಅದು ಅಪ್ಪನದೆಂದು ಗೊತ್ತು, ಮೊಮ್ಮಗನಿಗೆ ತಾತನದೆಂದು ಗೊತ್ತು. ಅದರಾಚೆ ಎಲ್ಲವೂ ಸೇರಿ ‘ಹಿರಿಯರು’ ಆಗಿಬಿಡುತ್ತವೆ. ಬೆಂಗಳೂರಿಗೋ ಅಮೆರಿಕಕ್ಕೋ ಹೋಗಿ ನೆಲೆಸಿದ ಮನೆಯ ಮಗಳು ‘ನಮ್ಮ ಮುತ್ತಜ್ಜನ ಅಪ್ಪ ಯಾರು?’ ಎಂದು ಕೇಳಿದರೆ, ಆ ಕಲ್ಲುಗಳಿಂದ ಅವಳಿಗೆ ಉತ್ತರ ಸಿಕ್ಕೀತೇ? ಸಿಗುತ್ತದೆ ಎಂದೇ ನನ್ನ ನಂಬಿಕೆ. ಆದರೆ ಹುಡುಕಾಟದ ಕ್ರಮ ಬೇರೆ ಇರಬೇಕು.

ಸ್ಮಶಾನದಿಂದ ವಂಶ ಹುಡುಕುವ ರೂಢಿ ನಮಗೆ ಬಂದಿರುವುದು ಬ್ರಿಟನ್, ಐರ್ಲೆಂಡ್, ಅಮೆರಿಕಗಳಿಂದ. ಅಲ್ಲಿ ಅದಕ್ಕೆ ಕಾರಣಗಳಿವೆ. 1922ರ ಜೂನ್ ಕೊನೆಯಲ್ಲಿ ಡಬ್ಲಿನ್ನಿನ ಸಾರ್ವಜನಿಕ ದಾಖಲೆ ಕಚೇರಿ ಅಂತರ್ಯುದ್ಧದ ಬೆಂಕಿಗೆ ಆಹುತಿಯಾಯಿತು. ಹಳೆಯ ಜನಗಣತಿ ಪತ್ರಗಳು, ಚರ್ಚ್ ಆಫ್ ಐರ್ಲೆಂಡಿನ ಎಷ್ಟೋ ವಹಿಗಳು ಸುಟ್ಟು ಬೂದಿಯಾದವು. ಅಂದಿನಿಂದ ಐರಿಷ್ ಹಳ್ಳಿಯ ಚರ್ಚಿನ ಅಂಗಳದಲ್ಲಿ ಪಾಚಿ ಕಟ್ಟಿದ ಕಲ್ಲಿಗೂ ಸರ್ಕಾರಿ ಕಾಗದದ ಬೆಲೆ ಬಂತು. ಅಮೆರಿಕದಲ್ಲಿ 1995ರಲ್ಲಿ ಶುರುವಾದ ‘ಫೈಂಡ್ ಎ ಗ್ರೇವ್’ ತಾಣಕ್ಕೆ ಜನರೇ ಹಳ್ಳಿ ಹಳ್ಳಿ ಸುತ್ತಿ ಕಲ್ಲುಗಳ ಫೋಟೊ ಸೇರಿಸುತ್ತ ಬಂದಿದ್ದಾರೆ. ಇವೆಲ್ಲಕ್ಕೂ ಆಧಾರ ಮೂರು: ಕಲ್ಲಿನ ಮೇಲೆ ಅಕ್ಷರ, ತಲೆಮಾರಿನಿಂದ ತಲೆಮಾರಿಗೆ ಬದಲಾಗದ ಕುಲನಾಮ, ಚರ್ಚಿನಲ್ಲಿ ಅದಕ್ಕೆ ಜೊತೆಯಾಗಿ ಒಂದು ವಹಿ. ನಮ್ಮ ಹೆಚ್ಚಿನ ಹಳ್ಳಿಗಳಲ್ಲಿ ಈ ಮೂರೂ ಇಲ್ಲ.

ಹಾಗೆಂದು ಏನೂ ಇಲ್ಲವೆಂದಲ್ಲ. ಹಿಂದೂಗಳೆಂದರೆ ಸುಡುವವರು ಎಂಬ ಮಾತು ಕರ್ನಾಟಕಕ್ಕೆ ಒಪ್ಪುವುದಿಲ್ಲ. ಲಿಂಗಾಯತರು ಇಷ್ಟಲಿಂಗದ ಸಮೇತ ಕುಳಿತ ಭಂಗಿಯಲ್ಲಿ ಸಮಾಧಿ ಮಾಡುತ್ತಾರೆ. ಒಕ್ಕಲಿಗರು, ಕುರುಬರು, ದಲಿತ ಸಮುದಾಯಗಳು, ಇನ್ನೂ ಅನೇಕರು ಹೂಳುವುದೇ ವಾಡಿಕೆ. ಸುಡುವ ಮನೆತನಗಳಲ್ಲೂ ಹಾಲುಗಲ್ಲದ ಮಕ್ಕಳನ್ನು ಮಣ್ಣಿಗಿಡುತ್ತಾರೆ. ಕೊಡವರಲ್ಲಿ ಹೂಳುವುದೂ ಉಂಟು, ಸುಡುವುದೂ ಉಂಟು. ಅವರ ಒಕ್ಕದ ಮೂಲಪುರುಷನ ನೆನಪು ಐನ್‌ಮನೆಯ ಬಳಿಯ ಕೈಮಡದಲ್ಲಿ ನಿಂತಿರುತ್ತದೆ. ಹಳ್ಳಿಗೆ ಒಂದೇ ಸ್ಮಶಾನ ಎಂಬುದೂ ಅಪರೂಪ. ಒಂದೊಂದು ಜಾತಿಗೆ ಒಂದೊಂದು ಜಾಗ, ಜಮೀನಿದ್ದವರಿಗೆ ಸ್ವಂತ ಹೊಲ. ಹುಡುಕುವವರಿಗೆ ಈ ಸ್ವಂತ ಹೊಲವೇ ಮೊದಲ ಸುಳಿವು. ಯಾವ ಹೊಲದಲ್ಲಿ ಮಣ್ಣು ಮಾಡಿದರು ಎಂದು ಗೊತ್ತಾದರೆ ಅದರ ಸರ್ವೆ ನಂಬರು ಗೊತ್ತಾಗುತ್ತದೆ. ಸರ್ವೆ ನಂಬರು ಸಿಕ್ಕರೆ ಕಾಗದದ ಬಾಗಿಲು ತೆರೆಯುತ್ತದೆ.

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹಕ್ಕು ಬದಲಾವಣೆಯ ಹಳೆಯ ವಹಿಗಳಿರುತ್ತವೆ. ಜಮೀನಿನ ಯಜಮಾನ ಸತ್ತಾಗ ಖಾತೆ ವಾರಸುದಾರರ ಹೆಸರಿಗೆ ಹೋಗುತ್ತದಲ್ಲ, ಆ ಪೌತಿ ಖಾತೆಯ ನಮೂದಿನಲ್ಲಿ ಸತ್ತವರ ಹೆಸರು, ಅವರ ತಂದೆಯ ಹೆಸರು, ಉಳಿದ ಮಕ್ಕಳ ಹೆಸರು ಒಟ್ಟಿಗೇ ಬರುತ್ತವೆ. ಬರೆಯದ ಕಲ್ಲಿಗೆ ಬರೆದ ಜೋಡಿ ಇದು. ಅಣ್ಣತಮ್ಮಂದಿರ ಪಾಲುಪಟ್ಟಿ ಸಿಕ್ಕರಂತೂ ಒಂದು ತಲೆಮಾರು ಇಡಿಯಾಗಿ ಕಣ್ಣಿಗೆ ಬೀಳುತ್ತದೆ. ಹಳೆಯ ಮೈಸೂರಿನಲ್ಲಿ ಕಡತ ಕನ್ನಡದಲ್ಲಿರುವುದರಿಂದ ಸಲೀಸು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಬೆಳಗಾವಿ, ವಿಜಯಪುರದ ಕಡೆ ಹಳೆಯ ಕಾಗದ ಮೋಡಿ ಲಿಪಿಯಲ್ಲಿ ಇರಬಹುದು. ನಿಜಾಮರ ಆಡಳಿತದಲ್ಲಿದ್ದ ಕಲಬುರಗಿ, ಬೀದರ್, ರಾಯಚೂರಿನಲ್ಲಿ ಉರ್ದುವಿನಲ್ಲಿ. ಇವನ್ನು ಓದಬಲ್ಲವರು ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಊರಿನ ಗ್ರಾಮ ನಕ್ಷೆಯನ್ನೂ ಮರೆಯಬಾರದು. ರಸ್ತೆ, ಹಳ್ಳಗಳ ಹಾಗೆ ಸ್ಮಶಾನವೂ ಸಾರ್ವಜನಿಕ ಬಳಕೆಯ ‘ಬಿ’ ಖರಾಬು. ಇಂದು ಬೇಲಿಯೊಳಗೆ ಸೇರಿಹೋದ ಸ್ಮಶಾನ ಕೂಡ ಹಳೆಯ ನಕ್ಷೆಯಲ್ಲಿ ತನ್ನ ಜಾಗದಲ್ಲೇ ಇರುತ್ತದೆ.

ಕಾಗದಕ್ಕೂ ಮೊದಲು ಬಾಯಿಮಾತು. ಉತ್ತರ ಕರ್ನಾಟಕದವರಿಗೆ ಹೆಳವರನ್ನು ಪರಿಚಯಿಸಬೇಕಿಲ್ಲ. ಎತ್ತಿನ ಮೇಲೆ ಊರೂರು ತಿರುಗಿ, ತಮ್ಮ ಪಾಲಿಗೆ ಬಂದ ಮನೆಗಳ ವಂಶಾವಳಿಯನ್ನು ರಾಗವಾಗಿ ಹೇಳಿ, ಕಾಳುಕಡಿ ಪಡೆದು ಹೋಗುತ್ತಿದ್ದ ಜನ ಅವರು. ಮೂಲ ಊರು ಯಾವುದು, ಬೆಡಗು ಯಾವುದು, ಯಾವ ಬರಗಾಲಕ್ಕೋ ಜಗಳಕ್ಕೋ ಊರು ಬಿಟ್ಟಿರಿ, ಎಷ್ಟು ಜನ ಅಣ್ಣತಮ್ಮಂದಿರು ಎಲ್ಲೆಲ್ಲಿ ಚದುರಿದಿರಿ ಎಂದು ಅವರು ಹೇಳುತ್ತಾರೆ. ಹೋದ ಸಲ ಬಂದ ಮೇಲೆ ಹುಟ್ಟಿದವರ ಹೆಸರನ್ನು ಕೇಳಿ ಹೊತ್ತಿಗೆಗೆ ಸೇರಿಸಿಕೊಳ್ಳುತ್ತಾರೆ. ಎತ್ತು ಹೋಗಿ ಮೋಟರ್‌ಬೈಕು ಬಂದಿದ್ದರೂ ಹೊತ್ತಿಗೆ ಉಳಿದಿದೆ. ಗೋರಿಕಲ್ಲು ಮಾಡಬೇಕಾದ ಕೆಲಸವನ್ನು ನಮ್ಮ ನಾಡಿನಲ್ಲಿ ಮಾಡಿದವರು ಇವರೇ ಎಂದು ನನಗೆ ಅನ್ನಿಸುತ್ತದೆ. ಕಲ್ಲು ಹೇಳಲಾಗದ ವಲಸೆಯ ದಾರಿಯನ್ನೂ ಇವರು ಹೇಳಿದ್ದಾರೆ. ಹೆಳವರ ಹೊತ್ತಿಗೆಗಳನ್ನು ಅವರ ಒಪ್ಪಿಗೆ ಪಡೆದು, ತಕ್ಕ ಸಂಭಾವನೆ ಕೊಟ್ಟು, ಪ್ರತಿ ಮಾಡಿ ಇಡುವುದು ವಿಶ್ವವಿದ್ಯಾಲಯಗಳ ಆದ್ಯತೆಯ ಕೆಲಸವಾಗಬೇಕು. ಹರಿದ್ವಾರದ ಪಂಡಾಗಳ ವಂಶಾವಳಿ ವಹಿಗಳನ್ನು ಅಮೆರಿಕದ ಯೂಟಾ ವಂಶಾವಳಿ ಸಂಘದವರು 1970ರ ದಶಕದಲ್ಲೇ ಮೈಕ್ರೊಫಿಲ್ಮ್ ಮಾಡಲು ತೊಡಗಿದ್ದರು. ಹೆಳವರ ಹೊತ್ತಿಗೆಗೆ ಅಷ್ಟು ಆಸ್ಥೆಯ ಕಣ್ಣು ಬೀಳಬೇಕಲ್ಲ.

ಹೆಳವರು ಕಾಲಿಡದ ಕಡೆ, ಸುಡುವ ಮನೆತನಗಳಲ್ಲಿ, ಶ್ರಾದ್ಧವೇ ವಂಶಾವಳಿ. ತಂದೆ, ತಾತ, ಮುತ್ತಾತ, ಅವರ ಹೆಂಡಂದಿರು — ಇಷ್ಟು ಜನರ ಹೆಸರು, ಗೋತ್ರ ಹೇಳಿಯೇ ಪಿಂಡವಿಡಬೇಕು. ಇದರೊಳಗೆ ಒಂದು ನಷ್ಟವೂ ಅಡಗಿದೆ. ಮಾಡುತ್ತಿದ್ದವನು ತೀರಿಕೊಂಡು ಅವನ ಮಗ ಕೂತಾಗ, ಮೇಲಿನ ಒಂದು ಹೆಸರು ಸಾಲಿನಿಂದ ಹೊರಗೆ ಹೋಗುತ್ತದೆ. ಮಂತ್ರದ ಸಾಲಿನಲ್ಲಿ ಯಾವತ್ತೂ ಮೂರೇ ತಲೆಮಾರು. ಕೈಬಿಟ್ಟ ಹೆಸರನ್ನು ಯಾರಾದರೂ ಬರೆದಿಟ್ಟರೆ ಉಳಿಯಿತು.

ಹೆಸರಿಡುವ ಪದ್ಧತಿಯಿಂದಲೂ ತೊಡಕಿದೆ. ತಾತನ ಹೆಸರು ಮೊಮ್ಮಗನಿಗೆ. ಬೋರೇಗೌಡರ ಮಗ ಸಿದ್ದೇಗೌಡ, ಸಿದ್ದೇಗೌಡರ ಮಗ ಬೋರೇಗೌಡ, ಅವರ ಮಗ ಮತ್ತೆ ಸಿದ್ದೇಗೌಡ. 1890ರ ಬೋರೇಗೌಡರನ್ನೂ 1940ರ ಬೋರೇಗೌಡರನ್ನೂ ಒಬ್ಬರೇ ಎಂದುಕೊಂಡರೆ ವಂಶಾವಳಿಯಲ್ಲಿ ಎರಡು ತಲೆಮಾರು ಮಾಯ. ಹಳೆಯ ಮೈಸೂರಿನಲ್ಲಿ ಅಡ್ಡಹೆಸರೂ ಇಲ್ಲದಿರುವುದರಿಂದ ‘ದೊಡ್ಡಮನೆಯವರು’, ‘ಬಾವಿಮನೆಯವರು’ ಎಂಬ ಮನೆತನದ ಹೆಸರೇ ಗಟ್ಟಿ ಹಿಡಿತ. ಕರಾವಳಿಯಲ್ಲಿ ತೊಡಕಿನ ಬಗೆಯೇ ಬೇರೆ. ಅಳಿಯಸಂತಾನದ ಕುಟುಂಬಗಳಲ್ಲಿ ಅಪ್ಪನ ಕಡೆಯಿಂದ ಏರುತ್ತ ಹೋದರೆ ಬೇರೆಯದೇ ಮನೆಯ ಅಂಗಳ ತಲುಪುತ್ತೇವೆ. ಅಲ್ಲಿ ತಾಯಿ, ಅಜ್ಜಿ, ಅಜ್ಜಿಯ ತಾಯಿ ಎಂದೇ ಹೋಗಬೇಕು.

ಉಳಿದೆಲ್ಲ ಕಡೆ ಹೆಣ್ಣುಮಕ್ಕಳ ಜಾಡು ಬೇಗ ಆರಿಹೋಗುತ್ತದೆ. ನನಗೆ ಈ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವ ಸಂಗತಿ ಇದು. ಅವಳು ಹುಟ್ಟಿದ ಊರಿನ ಹೊಲದಲ್ಲಿ ಅವಳ ಗುಡ್ಡೆಯಿಲ್ಲ. ಗಂಡನ ಊರಿನಲ್ಲಿ ಗುಡ್ಡೆಯಿದೆ, ಅಲ್ಲಿ ಅವಳು ‘ಅವರ ಮನೆಯವರು’. ಹೆಳವರ ಹೊತ್ತಿಗೆಯೂ ಹೆಚ್ಚಾಗಿ ಗಂಡುಮಕ್ಕಳ ಸಾಲು; ಪೌತಿ ಖಾತೆಯ ಹಳೆಯ ನಮೂದೂ ಹಾಗೆಯೇ. ವಿಧವೆಯಾಗಿ ಜಮೀನು ಹಿಡಿದವಳ ಹೆಸರು ಮಾತ್ರ ‘ಕೋಂ’ ಎಂದು ಗಂಡನ ಹೆಸರಿನೊಂದಿಗೆ ಕಾಗದಕ್ಕೆ ಬರುತ್ತದೆ. ಹಾಗಾಗಿ ಅವಳನ್ನು ಹುಡುಕುವ ದಾರಿ ಹೆಂಗಸರ ನೆನಪಿನಲ್ಲೇ ಇದೆ. ಯಾವ ಊರಿಂದ ತಂದ ಸೊಸೆ, ಬಾಣಂತನಕ್ಕೆ ಎಲ್ಲಿಗೆ ಹೋದಳು, ತವರಿನಿಂದ ಬಾಗಿನ ಯಾರು ತರುತ್ತಿದ್ದರು, ಯಾವ ಮನೆದೇವರಿಗೆ ಹರಕೆ ಹೊತ್ತಳು ಎಂದು ಕೇಳಿದರೆ ಎಂಬತ್ತು ದಾಟಿದ ಅಜ್ಜಿಯೊಬ್ಬರು ಒಂದು ಮಧ್ಯಾಹ್ನದಲ್ಲಿ ಹೇಳುವಷ್ಟನ್ನು ಯಾವ ಕಚೇರಿಯೂ ಹೇಳಲಾರದು. ‘ನಿಮ್ಮ ಅಜ್ಜಿಯ ಹೆಸರೇನು’ ಎಂದು ನೇರವಾಗಿ ಕೇಳಿದರೆ ಮರೆತೆ ಎನ್ನುವವರೂ ಬಾಗಿನದ ಮಾತು ತೆಗೆದರೆ ತಾವಾಗಿಯೇ ಹೇಳತೊಡಗುತ್ತಾರೆ.

ಕ್ರೈಸ್ತ ಸ್ಮಶಾನಗಳ ಕಡೆ ಬಂದರೆ ಅಕ್ಷರ ಸಿಗುತ್ತದೆ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು ಮುಂದೆ ಧಾರವಾಡ, ಹುಬ್ಬಳ್ಳಿ, ಗದಗಿನ ಬೆಟಗೇರಿಗಳಲ್ಲಿ ನೆಲೆ ಮಾಡಿದರು. ಆ ಊರುಗಳ ಹಳೆಯ ಗೋರಿಗಳಲ್ಲಿ ಜರ್ಮನ್, ಕನ್ನಡ, ಇಂಗ್ಲಿಷ್ ಬರಹಗಳು ಅಕ್ಕಪಕ್ಕದಲ್ಲಿ ಕಾಣುತ್ತವೆ. ಮಿಷನ್ನಿನ ದಾಖಲೆಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ, ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿ ಇವೆ. ಮಂಗಳೂರು ಕೆಥೊಲಿಕರ ವಿಷಯದಲ್ಲಿ 1784ರಿಂದ 1799ರವರೆಗಿನ ಶ್ರೀರಂಗಪಟ್ಟಣದ ಸೆರೆವಾಸ ಬಹುತೇಕ ಕುಟುಂಬಗಳ ಕಥೆಯನ್ನು ಎರಡು ತುಂಡು ಮಾಡಿದೆ. ಚರ್ಚುಗಳು ನೆಲಸಮವಾದವು, ಜನ ದಾರಿಯಲ್ಲೂ ಸೆರೆಯಲ್ಲೂ ಸತ್ತರು, ಅವರಿಗೆ ಗೋರಿಯಿಲ್ಲ. ಅಷ್ಟಾದರೂ ಆ ಸಮುದಾಯ ತನ್ನ ವಂಶಾವಳಿಯನ್ನು ಮತ್ತೆ ಕಟ್ಟಿಕೊಂಡಿತು. ಮೈಕಲ್ ಲೋಬೋ ಅವರು ಚರ್ಚಿನ ವಹಿ, ಮನೆಮನೆಯ ಕಾಗದಗಳನ್ನು ಜೋಡಿಸಿ ಮಂಗಳೂರು ಕೆಥೊಲಿಕ್ ಕುಟುಂಬಗಳ ವಂಶಾವಳಿ ಕೋಶವನ್ನೇ ಸಿದ್ಧಪಡಿಸಿದ್ದಾರೆ. ಒಬ್ಬ ಮನುಷ್ಯನ ಹಟದಿಂದ ಎಷ್ಟು ಸಾಧ್ಯ ಎಂಬುದಕ್ಕೆ ಇದು ಸಾಕ್ಷಿ. ಬೇರೆ ಸಮುದಾಯಗಳೂ ಇದನ್ನು ಮಾದರಿಯಾಗಿ ತೆಗೆದುಕೊಳ್ಳಬಹುದು.

ಇಂಗ್ಲಿಷರ ಗೋರಿಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬಳ್ಳಾರಿ, ದಕ್ಷಿಣ ಕನ್ನಡ ಮದರಾಸು ಪ್ರಾಂತದಲ್ಲಿದ್ದ ಕಾಲದಲ್ಲೇ, 1905ರಲ್ಲಿ, ಜೂಲಿಯನ್ ಜೇಮ್ಸ್ ಕಾಟನ್ ಆ ಪ್ರಾಂತದ ಗೋರಿಬರಹಗಳ ಪಟ್ಟಿ ಅಚ್ಚು ಹಾಕಿಸಿದ್ದರು. ಚರ್ಚುಗಳಿಂದ ಹೋದ ಶವಸಂಸ್ಕಾರ ವಹಿಗಳ ಪ್ರತಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಕೋಲಾರದ ಚಿನ್ನದ ಗಣಿಗೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಬಂದ ಗಣಿಗಾರರ ವಂಶದವರಿಗೂ ಈ ಬಗೆಯ ವಹಿಗಳಲ್ಲಿ ಜಾಡು ಸಿಗುತ್ತದೆ. ಅದೇ ಗಣಿಯ ಆಳದಲ್ಲಿ ದುಡಿದು ಸತ್ತ ತಮಿಳು, ತೆಲುಗು, ಕನ್ನಡದ ಕೂಲಿಗಳಿಗೆ ಇಷ್ಟು ಅನುಕೂಲವಿಲ್ಲ.

ಮುಸ್ಲಿಮರ ಖಬರಸ್ಥಾನದಲ್ಲಿ ಹೆಸರು ಕಾಣದಿರುವುದಕ್ಕೆ ಕಾರಣ ಶ್ರದ್ಧೆಯೇ. ಗೋರಿಯ ಮೇಲೆ ಕಟ್ಟಡ ಏಳಬಾರದು, ಮಣ್ಣು ಮಣ್ಣಾಗಿಯೇ ಇರಲಿ ಎಂಬ ನಂಬಿಕೆ ಬಹಳ ಮನೆಗಳಲ್ಲಿದೆ. ಕಾಲ ಕಳೆದ ಮೇಲೆ ಅದೇ ಜಾಗದಲ್ಲಿ ಇನ್ನೊಬ್ಬರನ್ನು ಹೂಳುವುದೂ ಇದೆ. ಆದರೆ ಶಬೆ ಬರಾತ್ ರಾತ್ರಿ ಮನೆಯ ಗಂಡಸರು ಯಾವ ಗುಡ್ಡೆಯ ಬಳಿ ನಿಂತು ಫಾತಿಹಾ ಓದುತ್ತಾರೆ ಎಂಬುದನ್ನು ನೋಡಿದರೆ ಸಾಲು ತಿಳಿಯುತ್ತದೆ. 1422ರಲ್ಲಿ ತೀರಿಕೊಂಡ ಕಲಬುರಗಿಯ ಬಂದೇ ನವಾಜರಂಥ ಸೂಫಿಗಳ ದರ್ಗಾಗಳಲ್ಲಿ ವಂಶಜರು ಶಜರಾ, ಅಂದರೆ ವಂಶಾವಳಿ, ಕಾಪಾಡಿಕೊಂಡು ಬಂದಿರುತ್ತಾರೆ. ದರ್ಗಾದ ಸೇವೆಗೆ ಸೇರಿದ ಮನೆತನಗಳಿಗೆ ಅಲ್ಲಿಂದ ಎಳೆ ಸಿಗಬಹುದು.

ದಲಿತ ಕುಟುಂಬಗಳಿಗೆ ಎಷ್ಟೋ ಊರುಗಳಲ್ಲಿ ಹೂಳಲು ಸ್ವಂತ ಜಾಗವೇ ಇರಲಿಲ್ಲ. ಕೆರೆಯಂಗಳ, ಹಳ್ಳದ ದಂಡೆ, ರಸ್ತೆಯ ಬದಿ. ಒಂದು ಮಳೆಗಾಲಕ್ಕೆ ಗುಡ್ಡೆ ಕೊಚ್ಚಿಹೋಗುವ ಜಾಗಗಳು ಅವು. ಪ್ರತಿ ಗ್ರಾಮಕ್ಕೂ ಸ್ಮಶಾನ ಭೂಮಿ ಕೊಡಿ ಎಂದು ಹೈಕೋರ್ಟು ಸರ್ಕಾರಕ್ಕೆ 2019ರಲ್ಲಿ ಹೇಳಬೇಕಾಯಿತು. ಇಂಥಲ್ಲಿ ‘ಹಳೆಯ ಸ್ಮಶಾನದಲ್ಲಿ ಹುಡುಕಿ’ ಎಂಬ ಸಲಹೆಗೆ ಅರ್ಥವಿಲ್ಲ. ಆದರೆ ಬೇರೆ ಕಡತಗಳಿವೆ. ತೋಟಿ, ತಳವಾರ, ನೀರಗಂಟಿ ಮುಂತಾದ ವಂಶಪಾರಂಪರ್ಯದ ಚಾಕರಿಗಳಿಗೆ ಇನಾಂ ಜಮೀನು ಇರುತ್ತಿತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯ ನಂತರ ಅದನ್ನು ಚಾಕರಿ ಮಾಡಿಕೊಂಡು ಬಂದ ಮನೆಯವರಿಗೆ ಮರುಮಂಜೂರು ಮಾಡುವಾಗ ಯಾರ ನಂತರ ಯಾರು ಎಂದು ತೋರಿಸಬೇಕಾಗಿತ್ತು. ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ 1978ರ ಕಾಯ್ದೆಯಡಿ ಹೂಡಿದ ಮೊಕದ್ದಮೆಗಳಲ್ಲೂ ಮೂಲ ಮಂಜೂರಿದಾರನಿಂದ ಹಿಡಿದು ವಂಶವೃಕ್ಷ ಇರುತ್ತದೆ. ಉಪವಿಭಾಗಾಧಿಕಾರಿಗಳ ಕಚೇರಿಯ ಈ ಕಡತಗಳನ್ನು ಕುಟುಂಬ ಚರಿತ್ರೆಯ ಕಣ್ಣಿನಿಂದ ನೋಡಿದವರು ತೀರ ಕಡಿಮೆ.

ಊರ ಮುಂದಿನ ವೀರಗಲ್ಲನ್ನು ತೋರಿಸಿ ‘ಇವರೇ ನಮ್ಮ ಹಿರಿಯರು’ ಎನ್ನುವವರೂ ಸಿಗುತ್ತಾರೆ. ಅಭಿಮಾನ ದೊಡ್ಡದು, ಆಧಾರ ಸಾಲದು. ಬೆಂಗಳೂರಿನ ಹೆಬ್ಬಾಳದ ಕಿತ್ತಯ್ಯನ ಕಲ್ಲು ಸುಮಾರು 750ನೇ ಇಸವಿಯದು; ಅಲ್ಲಿಂದ ಇಂದಿನವರೆಗೆ ಎಳೆ ಕಡಿಯದ ವಂಶಾವಳಿ ಯಾರ ಬಳಿಯೂ ಇಲ್ಲ. ವೀರಗಲ್ಲು, ಮಾಸ್ತಿಕಲ್ಲುಗಳು ಊರಿನ ಚರಿತ್ರೆ ಹೇಳುತ್ತವೆ. ಮನೆಯ ಚರಿತ್ರೆಗೆ ಅವನ್ನು ಎಳೆತಂದರೆ ಎರಡೂ ಕೆಡುತ್ತವೆ.

ಅಕ್ಷರವಿರುವ ಕಲ್ಲು ಸಿಕ್ಕರೆ ಅದನ್ನು ಓದುವುದರಲ್ಲೂ ಎಚ್ಚರ ಬೇಕು. ಸುಣ್ಣ, ಎಣ್ಣೆ, ವಿಭೂತಿ ವರ್ಷಗಟ್ಟಲೆ ಪದರ ಕಟ್ಟಿರುತ್ತವೆ. ತಂತಿ ಬ್ರಷ್ಷು, ಆಸಿಡ್, ಸೋಪು ಮುಟ್ಟಿಸಕೂಡದು; ನೀರು, ಮೆತ್ತನೆಯ ಬ್ರಷ್ಷು ಸಾಕು. ಮಟಮಟ ಮಧ್ಯಾಹ್ನ ಕಾಣದ ಅಕ್ಷರ ಬೆಳಗಿನ ಓರೆ ಬಿಸಿಲಿಗೆ, ಇಲ್ಲವೇ ರಾತ್ರಿ ಪಕ್ಕದಿಂದ ಬಿಟ್ಟ ಟಾರ್ಚಿನ ಬೆಳಕಿಗೆ ಎದ್ದು ಕಾಣುತ್ತದೆ. ತೀರ ಸವೆದ ಕಲ್ಲುಗಳಿಗೆ ಈಗ ತ್ರೀಡಿ ಸ್ಕ್ಯಾನಿಂಗ್ ಬಂದಿದೆ; ಬೆಂಗಳೂರಿನ ಮಿಥಿಕ್ ಸೊಸೈಟಿ ಶಾಸನಗಳ ಮೇಲೆ ಈ ಕೆಲಸ ಮಾಡುತ್ತಿದೆ. ತೇದಿಯ ಲೆಕ್ಕ ಇನ್ನೊಂದು. ಶಾಲಿವಾಹನ ಶಕಕ್ಕೆ 78 ಕೂಡಿಸಿದರೆ ಇಸವಿ, ಯುಗಾದಿಗೆ ಹತ್ತಿರದ ಪುಷ್ಯ, ಮಾಘ, ಫಾಲ್ಗುಣಗಳಲ್ಲಿ 79 ಆಗಬಹುದು. ಬರೀ ಸಂವತ್ಸರದ ಹೆಸರಿದ್ದರೆ ಕಷ್ಟ: ‘ಪ್ರಭವ’ 1867ರಲ್ಲೂ ಬಂದಿತ್ತು, 1927ರಲ್ಲೂ ಬಂದಿತ್ತು. ಹಿಜರಿ ವರ್ಷ ಸೌರವರ್ಷಕ್ಕಿಂತ ಹನ್ನೊಂದು ದಿನದಷ್ಟು ಚಿಕ್ಕದು, ಆದ್ದರಿಂದ ಒಂದೇ ಸಂಖ್ಯೆ ಕಳೆದು ಇಸವಿ ತೆಗೆಯಲಾಗದು; ಟಿಪ್ಪು ಮಡಿದ 1799 ಹಿಜರಿಯಲ್ಲಿ 1213.

ಈ ಎಲ್ಲ ದಾರಿಗಳಿಗೂ ಕಾಲ ಕೂಡಿಬರುತ್ತಿಲ್ಲ. ಹೊಲ ಲೇಔಟ್ ಆಗುವಾಗ ಜೆಸಿಬಿ ಮೊದಲು ತೆಗೆಯುವುದು ಬದುವಿನ ಕಲ್ಲುಗಳನ್ನು. ಹೆದ್ದಾರಿ ಅಗಲವಾದಾಗ, ಆಲಮಟ್ಟಿ, ಲಿಂಗನಮಕ್ಕಿಯಂಥ ಅಣೆಕಟ್ಟುಗಳ ಹಿನ್ನೀರು ಏರಿದಾಗ ಎಷ್ಟೋ ಊರುಗಳ ಗುಡ್ಡೆ, ಗದ್ದುಗೆಗಳು ಹೋದವು. ಮುಳುಗಡೆಯ ಮನೆತನಗಳಿಗೆ ಉಳಿದಿರುವ ಆಧಾರ ಭೂಸ್ವಾಧೀನದ ಕಡತ: ಯಾವ ಸರ್ವೆ ನಂಬರು ಯಾರದು, ಪರಿಹಾರ ಯಾವ ಯಾವ ವಾರಸುದಾರರಿಗೆ ಹಂಚಿಹೋಯಿತು ಎಂಬುದು ಅದರಲ್ಲಿದೆ. ಜಮೀನು ಮಾರುವವರು ಗುಡ್ಡೆಯ ಜಾಗವನ್ನು ಹೊರಗಿಟ್ಟು, ಅಲ್ಲಿಗೆ ಹೋಗಿಬರುವ ದಾರಿಯನ್ನೂ ಕ್ರಯಪತ್ರದಲ್ಲಿ ಕಾಣಿಸಬೇಕು. ಬಾಯಿಮಾತಿನ ಒಪ್ಪಂದ ಕೊಂಡವರ ಮಕ್ಕಳ ಕಾಲಕ್ಕೆ ನಿಲ್ಲುವುದಿಲ್ಲ.

ಮಹಾಲಯ ಅಮಾವಾಸ್ಯೆಗೆ ಊರಿಗೆ ಹೋಗುವವರು ಈಗಲೂ ಬಹಳ ಜನ. ಮನೆಯಲ್ಲಿ ಎಡೆಯಿಟ್ಟು, ಹೊಲದ ಗುಡ್ಡೆಗೆ ಪೂಜೆ ಮಾಡುವಾಗ ಹಿರಿಯರೊಬ್ಬರು ಒಂದೊಂದರ ಮುಂದೆ ನಿಂತು ‘ಇದು ದೊಡ್ಡಪ್ಪನದು, ಇದು ಚಿಕ್ಕಮ್ಮನದು’ ಎನ್ನುತ್ತಾರೆ. ಆ ಹೊತ್ತಿಗೆ ಒಬ್ಬರು ನೋಟ್‌ಬುಕ್ಕಿನಲ್ಲಿ ಹೊಲದ ಚಿತ್ರ ಬರೆದು, ಪ್ರತಿ ಗುಡ್ಡೆಗೂ ನಂಬರು ಹಾಕಿ, ಮರ, ಬಾವಿ, ಬದುಗಳಿಂದ ಎಷ್ಟು ಹೆಜ್ಜೆ ದೂರ ಎಂದು ಗುರುತಿಸಬೇಕು. ಇನ್ನೊಬ್ಬರು ಫೋನಿನಲ್ಲಿ ಹಿರಿಯರ ಮಾತನ್ನು ಧ್ವನಿಮುದ್ರಿಸಿಕೊಳ್ಳಬೇಕು. ಹೆಸರಿನ ಪಕ್ಕದಲ್ಲಿ ಅಂದಾಜು ವರ್ಷ: ಪ್ಲೇಗಿನ ಕಾಲ, ಸ್ವಾತಂತ್ರ್ಯ ಬಂದ ವರ್ಷ, ದೊಡ್ಡ ಮಗ ಹುಟ್ಟಿದ ವರ್ಷ, ಹೀಗೆ ಅವರು ಹೇಳಿದ ಮಾತಿನಲ್ಲೇ. ಹೆಣ್ಣುಮಕ್ಕಳಾದರೆ ತವರಿನ ಊರು, ಅವರ ಅಪ್ಪ ಅವ್ವನ ಹೆಸರು. ಹೇಳಿದವರು ಯಾರು, ಯಾವ ದಿನ ಹೇಳಿದರು ಎಂಬುದೂ ಇರಲಿ. ಇಬ್ಬರ ಮಾತು ಬೇರೆಯಾದರೆ ಎರಡನ್ನೂ ಬರೆಯಲಿ. ಒಂದು ಪ್ರತಿ ಊರಲ್ಲಿ ಉಳಿದ ಅಣ್ಣತಮ್ಮಂದಿರಿಗೆ, ಇನ್ನೊಂದು ಮದುವೆಯಾಗಿ ಹೊರಗೆ ಹೋದ ಅಕ್ಕತಂಗಿಯರಿಗೆ, ಮತ್ತೊಂದು ಗ್ರಾಮ ಪಂಚಾಯತಿ ಗ್ರಂಥಾಲಯಕ್ಕೆ ಹೋಗಬೇಕು.